ಕೈಗೆ ಕೊಟ್ಟ ಉಪ್ಪು

ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ಈಸಿಕೊಂಡವರಿಗೂ ಜಗಳವಾಗುತ್ತದೆ ಎಂದು ನಮ್ಮತ್ತೆ ನಂಬಿದ್ದರು. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಹೊಲ ಗೆಯ್ದಿದ್ದ ಹೆಂಗಸು ಅವರು. ನಾನು ಸೊಸೆಯಾಗಿ ಬಂದ ಹೊಸತು. ನಮ್ಮ ಯಜಮಾನರು ಊಟದ ಮಧ್ಯೆ ಕೈ ಚಾಚಿ, "ಲೇ, ಒಂಚೂರ್ ಉಪ್ ಕೊಡೇ" ಅಂದರು. ನಾನು ಅಂಗೈಗೇ ಹಾಕಲು ಹೋದೆ. ಅತ್ತೆ ಒಳಗಿನಿಂದ ಓಡಿ ಬಂದು, "ಅಯ್ಯೋ, ತಟ್ಟೆ ಅಂಚಿಗೆ ಆಕಮ್ಮ, ಕೈಗ್ ಕೊಡ್ಬ್ಯಾಡ" ಎಂದು ಗದರಿದರು. ಅಂದಿನಿಂದ ಇವರ ತಟ್ಟೆಗೆ ಮೊದಲು ಬೀಳುತ್ತಿದ್ದುದು ಉಪ್ಪು, ಆಮೇಲೆ ಮುದ್ದೆ. ಅಷ್ಟು ಜಾಗ್ರತೆ ಮಾಡಿಯೂ ಜಗಳವೇನೂ ತಪ್ಪಲಿಲ್ಲ. ನಾವಿಬ್ಬರೂ ಜಗಳವಾಡಿಕೊಂಡೇ ಸುಖವಾಗಿದ್ದೆವು.

ಇವರ ಗಂಟಲು ಎಂಥದ್ದು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಯಶವಂತಪುರದ ಯಾರ್ಡಿನ ಒಂದು ಈರುಳ್ಳಿ ಮಂಡಿಯಲ್ಲಿ ಇವರದ್ದು ಹರಾಜು ಕೂಗುವ ಕೆಲಸ. ಮೂಟೆ ಹೊರುವವರು, ಲಾರಿ ಹಾರನ್ನು, ಚೌಕಾಸಿ ಗಲಾಟೆ ಎಲ್ಲದರ ಮೇಲೆ ಕೇಳಿಸಬೇಕು, ಅಂಥ ಗಂಟಲು. "ಒಂದ್ಸಲಾ... ಎರಡ್ಸಲಾ... ಮೂರ್ಸಲಾ!" ಎಂದು ಎಳೆದು ಬಿಟ್ಟರೆ ಮಾಲು ಹೋಯಿತು ಅಂತ ಲೆಕ್ಕ. ಅದೇ ಗಂಟಲನ್ನು ಮನೆಗೂ ತರುತ್ತಿದ್ದರು. ಮೆಲ್ಲಗೆ ಮಾತಾಡುವುದು ಅನ್ನುವ ಒಂದು ಸಂಗತಿ ಈ ಪ್ರಪಂಚದಲ್ಲಿದೆ ಎಂಬುದೇ ಈ ಮನುಷ್ಯನಿಗೆ ಗೊತ್ತಿರಲಿಲ್ಲ. ಮೇಲಿನ ರೂಮುಗಳಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗರಿಗೆ ಇವರು "ಲೇ, ಕಾಫೀ" ಅಂತ ಕೂಗುವುದೇ ಬೆಳಗಿನ ಅಲಾರಂ. ನಾನು ಶಾಲೆಯಲ್ಲಿ ದಿನವಿಡೀ ಮಕ್ಕಳ ಗದ್ದಲ ಕೇಳಿ ತಲೆ ಸಿಡಿಯುತ್ತಾ ಬಂದರೆ, ಇಲ್ಲಿ ಇವರು. ನನ್ನ ಹೆಸರನ್ನು ಎಂದೂ ಹಿಡಿದು ಕರೆದವರಲ್ಲ. ಪ್ರೀತಿಗೂ "ಲೇ", ಸಿಟ್ಟಿಗೂ "ಲೇ", ಚಪ್ಪಲಿ ಕಾಣಿಸದಿದ್ದರೂ "ಲೇ". ಯಾವ "ಲೇ"ಗೆ ಏನರ್ಥ ಅಂತ ನನಗೆ ಅಡುಗೆಮನೆಯಲ್ಲಿ ಕೂತೇ ತಿಳಿಯುತ್ತಿತ್ತು.

ಬಿಪಿ ಇದೆ ಅಂತ ಗೊತ್ತಾಗಿದ್ದು ಯಾರ್ಡಿನಲ್ಲೇ. ಯಾರೋ ಉಚಿತ ತಪಾಸಣೆ ಇಟ್ಟಿದ್ದರು. ಇವರು ತಮಾಷೆಗೆ ತೋಳು ಕೊಟ್ಟು ಕೂತರಂತೆ. ನೋಡಿದವರು ಪಟ್ಟಿಯನ್ನು ಇನ್ನೊಂದು ಸಲ ಸುತ್ತಿ ನೋಡಿ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ ಅಂದರಂತೆ. ಇವರಿಗೆ ನಂಬಿಕೆಯೇ ಇಲ್ಲ. "ತಲೆನೋವಿಲ್ಲ, ತಲೆಸುತ್ತಿಲ್ಲ, ಮೂಟೆ ಎತ್ತು ಅಂದ್ರೆ ಈಗ್ಲೂ ಎತ್ತೀನಿ, ನಂಗ್ಯಾವ ಬಿಪಿನೇ?" ಅಂತ ನನ್ನ ಮೇಲೆ ಕೂಗಾಡಿದರು, ನಾನೇ ತಂದು ಅಂಟಿಸಿದ ಹಾಗೆ. ಕೈ ಹಿಡಿದು ನಮ್ಮ ಬೀದಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಮತ್ತೊಂದೆರಡು ಸಲ ಬರಹೇಳಿ ನೋಡಿ, ಕೊನೆಗೆ ಒಂದು ಮಾತ್ರೆ ಬರೆದರು. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ದಿನಾ ತಗೋಬೇಕು, ಉಪ್ಪು ಕಡಿಮೆ ಮಾಡಬೇಕು, ಇದು ನೋವು ಕೊಟ್ಟು ಹೇಳಿ ಬರುವ ಕಾಯಿಲೆಯಲ್ಲ, ಹೃದಯಕ್ಕೂ ಮಿದುಳಿಗೂ ಸದ್ದಿಲ್ಲದೆ ಪೆಟ್ಟು ಕೊಡುತ್ತದೆ ಅಂದರು. ಇವರು ತಲೆಯಾಡಿಸಿ ಬಂದರು.

ಉಪ್ಪು ಕಡಿಮೆ ಮಾಡಿದ ಮೊದಲ ದಿನದ ರಂಪ ನೆನೆದರೆ ಈಗಲೂ ನಗು ಬರುತ್ತದೆ. ಉಪ್ಸಾರು ಮಾಡಿದ್ದೆ. ಹುರುಳಿಕಾಳು, ದಂಟಿನಸೊಪ್ಪು ಬೇಯಿಸಿ ಬಸಿದ ಕಟ್ಟು, ಪಕ್ಕಕ್ಕೆ ಅರೆದ ಖಾರ. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟವರೇ, "ಲೇ! ಉಪ್ಪಿಲ್ಲ!" ಎಂದು ಕೂಗಿದ್ದು ಮೂರನೇ ಮನೆಗೆ ಕೇಳಿಸಿ, ಅಲ್ಲಿಯ ಹೆಂಗಸು ಮಾರನೇ ದಿನ ನೀರು ಹಿಡಿಯುವಾಗ "ಉಪ್ ಬೇಕೇನ್ರೀ?" ಎಂದು ಕಿಚಾಯಿಸಿದಳು. ಆಮೇಲೆ ಅದೇ ನಮ್ಮ ದಿನದ ಪಾಠವಾಯಿತು. ಅವರು "ಉಪ್ಪಿಲ್ಲ" ಅನ್ನುವುದು, ನಾನು "ಹಾಕಲ್ಲ" ಅನ್ನುವುದು, ಅವರು ಗೊಣಗುತ್ತಾ ಉಣ್ಣುವುದು.

ಮಾತ್ರೆಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ತಿಂಡಿ ಆಯಿತು ಅಂದರೆ ಮಾತ್ರೆ. ಆ ವಿಷಯದಲ್ಲಿ ಶಿಸ್ತು ಅಂದರೆ ಶಿಸ್ತು. ಎಡವಟ್ಟಾಗಿದ್ದು ಆ ಶಿಸ್ತಿನಿಂದಲೇ. ನಮ್ಮ ಕಡೆ ಶ್ರಾವಣದಲ್ಲಿ ಒಪ್ಪೊತ್ತು ಇರುತ್ತಾರೆ, ಅಂದರೆ ದಿನಕ್ಕೆ ಒಂದೇ ಊಟ, ಅದೂ ಸಂಜೆ ದೀಪ ಹಚ್ಚಿ ಪೂಜೆ ಮುಗಿಸಿದ ಮೇಲೆ. ಇವರಿಗೆ ಅಪ್ಪನ ಕಾಲದಿಂದ ಬಂದ ವ್ರತ. ಬೆಳಿಗ್ಗೆ ತಿಂಡಿಯಿಲ್ಲ, ತಿಂಡಿಯಿಲ್ಲದ ಮೇಲೆ ಮಾತ್ರೆಯೂ ಇಲ್ಲ. "ಖಾಲಿ ಹೊಟ್ಟೆಗೆ ಇಂಗ್ಲಿಷ್ ಮಾತ್ರೆ ಹಾಕ್ಕೊಂಡ್ರೆ ಕರುಳು ಸುಡ್ತದೆ. ಡಾಕ್ಟ್ರೇ ತಿಂಡಿ ಆದ್ಮೇಲೆ ಅಂದಿಲ್ವಾ?" ಅನ್ನುತ್ತಿದ್ದರು. ಸಂಜೆ ಊಟದ ನಂತರ ನುಂಗಬಹುದಲ್ಲ ಅಂದರೆ, ಬೆಳಗಿನ ಮಾತ್ರೆ ಸಂಜೆ ಯಾಕೆ ಅಂತ ಅದಕ್ಕೂ ವಾದ. ನಮ್ಮ ಸುತ್ತಮುತ್ತಲಿನ ಮನೆಗಳಲ್ಲೂ ಹೀಗೆಯೇ. ವ್ರತ ಹಿಡಿದವರು ಮಾತ್ರೆಯನ್ನೂ ಅನ್ನದ ಲೆಕ್ಕಕ್ಕೇ ಸೇರಿಸಿ ಬಿಟ್ಟುಬಿಡುತ್ತಾರೆ. ದೇವರ ಕೆಲಸದಲ್ಲಿದ್ದವರಿಗೆ ಏನಾಗುತ್ತದೆ ಎನ್ನುವ ಧೈರ್ಯ.

ಆ ವರ್ಷದ ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ದೇವರ ಮನೆಯ ಬಾಗಿಲಲ್ಲಿ ನಿಂತರು. ನನಗೇನೋ ಹೇಳಲು ಬಾಯಿ ತೆರೆದರು. ಹೊರಗೆ ಬಂದಿದ್ದು ಮಾತಲ್ಲ, ಬರೀ ಸದ್ದು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ತಿರುಗಿದೆ. ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿತ್ತು, ಹಿಂದೆಯೇ ಅವರೂ ಕುಸಿದರು. ಮೇಲಿನ ರೂಮಿನ ಹುಡುಗರನ್ನು ಕೂಗಿದೆ, ಅವರೇ ಬಾಡಿಗೆ ಕಾರು ಕರೆಸಿ ಹೊತ್ತು ಹಾಕಿದರು. ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಫ್ಲೈಓವರ್ ಮೇಲೆ ಗಾಡಿಗಳು ಸಾಲಾಗಿ ನಿಂತಿದ್ದವು. ಮುಂದಿನ ಗಾಡಿಯವರನ್ನೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದೆ. ತೊಡೆಯ ಮೇಲಿದ್ದ ಇವರು ನನ್ನ ಮುಖವನ್ನೇ ನೋಡುತ್ತಿದ್ದರು, ಏನೋ ಕೇಳಬೇಕು ಅನ್ನುವ ಹಾಗೆ.

ಲಕ್ವ ಹೊಡೆದಿದೆ, ಮಿದುಳಿನ ಎಡಭಾಗದಲ್ಲಿ ಪೆಟ್ಟು, ಜೀವಕ್ಕೆ ಅಪಾಯವಿಲ್ಲ ಅಂದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು, "ಮಾತ್ರೆ ತಗೊಳ್ತಿದ್ರಾ?" ಎಂದು ಕೇಳಿದಳು.

"ಒಂದು ದಿನಾನೂ ಬಿಡ್ತಿರ್ಲಿಲ್ಲ. ವ್ರತ ಇದೆ ಅಂತ ಈ ತಿಂಗಳು ಮಾತ್ರ..." ಅಂದೆ.

ಅವಳು ನನ್ನ ಮೇಲೆ ರೇಗಲಿಲ್ಲ. "ಬಿಪಿಗೆ ಶ್ರಾವಣ ಗೊತ್ತಾಗಲ್ಲಮ್ಮ," ಅಂದಳು. "ಊಟ ಮಾಡ್ಲಿ ಬಿಡ್ಲಿ, ಈ ಮಾತ್ರೆ ನೀರಲ್ಲಿ ನುಂಗಿದ್ರೆ ಏನೂ ಆಗಲ್ಲ. ಮರೀಬಾರ್ದು ಅಂತ ತಿಂಡಿ ಜೊತೆ ಹೇಳ್ತೀವಿ, ಅಷ್ಟೇ."

ಅಷ್ಟೇ ಅಂತೆ! ನೆನಪಿಗೋಸ್ಕರ ಹೇಳಿದ ಮಾತನ್ನು ನಾವು ಶಾಸ್ತ್ರ ಮಾಡಿಕೊಂಡಿದ್ದೆವು. ನೋಡಲು ಬಂದ ನಾದಿನಿ, "ಹಣೇಲಿ ಬರ್ದಿದ್ದು ಅತ್ತಿಗೆ, ಏನ್ ಮಾಡಕಾಯ್ತದೆ" ಎಂದು ಕಣ್ಣೊರೆಸಿಕೊಂಡಾಗ ನನಗೆ ಮೈಯೆಲ್ಲ ಉರಿಯಿತು. ಹಣೆಯಲ್ಲಿ ಏನೂ ಬರೆದಿರಲಿಲ್ಲ ಕಣಮ್ಮ, ಚೀಟಿಯಲ್ಲಿ ಬರೆದಿತ್ತು, ದಿನಾ ಅಂತ, ಎಂದುಬಿಟ್ಟೆ.

ಮನೆಗೆ ಬಂದರು. ಬಲಗಾಲು ಎಳೆಯುತ್ತಾ ಕೋಲು ಹಿಡಿದು ನಡೆಯುವಷ್ಟಾಯಿತು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣಲು ಕಲಿತರು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಒಳಗೆ ಮಾತಿದೆ, ನಾಲಿಗೆಗೆ ತರುವ ದಾರಿ ಮುಚ್ಚಿದೆ ಎಂದು ವಿವರಿಸಿದರು. ವಾರಕ್ಕೊಮ್ಮೆ ಮಾತು ಕಲಿಸುವ ಹುಡುಗಿಯ ಹತ್ತಿರ ಹೋಗುತ್ತಿದ್ದೆವು. ಅವಳು ಲೋಟ, ಬಾಚಣಿಗೆ, ಬೀಗದ ಕೈ ಚಿತ್ರ ತೋರಿಸುವಳು. ಇವರು ಬೆವರುವರು. ಒಂದು ದಿನ ಅವಳು ಎಣಿಸಿ ನೋಡೋಣ ಎಂದು "ಒಂದು" ಎಂದಳಷ್ಟೇ, ಇವರ ಬಾಯಿಂದ "ಒಂದ್ಸಲಾ... ಎರಡ್ಸಲಾ... ಮೂರ್ಸಲಾ" ಎಂದು ಯಾರ್ಡಿನ ರಾಗದಲ್ಲೇ ಹೊರಟುಬಿಟ್ಟಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆ ಹುಡುಗಿ, "ಇದು ಅಭ್ಯಾಸದಿಂದ ತಾನಾಗಿ ಬರೋದು ಆಂಟಿ, ಬೇಕು ಅಂತ ಹೇಳೋ ಮಾತು ಬೇರೆ. ಆದ್ರೂ ಒಳ್ಳೇದೇ" ಅಂದಳು. ಬರುವ ದಾರಿಯಲ್ಲಿ ಆಟೋದಲ್ಲಿ, "ನನ್ನನ್ನ ಒಂದ್ಸಲ ಕರೀರಿ, ಲೇ ಅನ್ನಿ" ಎಂದು ಕೇಳಿಕೊಂಡೆ. ತುಟಿ ಅದುರಿತು, ಕಣ್ಣು ತುಂಬಿತು, ಮುಖ ಆಚೆ ತಿರುಗಿಸಿಕೊಂಡರು.

ಮನೆಯ ಮೌನ ಹೇಗಿತ್ತು ಅಂದರೆ ಫ್ಯಾನಿನ ಸದ್ದು ಅಷ್ಟು ಜೋರು ಎಂದು ನನಗೆ ಆಗಲೇ ಗೊತ್ತಾಗಿದ್ದು. ಕಾಫಿ ಇಡುವಾಗ ಕಿವಿ ತಾನಾಗಿ ಹಾಲ್ ಕಡೆಗೆ ಹೋಗುತ್ತಿತ್ತು. ಮನುಷ್ಯ ಎದುರಿಗೇ ಕೂತಿದ್ದಾರೆ, ನಾನು ಅವರಿಗಾಗಿ ಹಂಬಲಿಸುತ್ತಿದ್ದೇನೆ. ಇದನ್ನು ಯಾರಿಗೆ ಹೇಳುವುದು? ಉಳಿದರಲ್ಲ, ಸಾಕು ಅನ್ನಿ ಅಂತಾರೆ. ಸಾಕಾಗಿರಲಿಲ್ಲ ನನಗೆ. ನನಗೆ ಇವರು ಬೈಯಬೇಕಿತ್ತು.

ಒಂದು ಬೆಳಿಗ್ಗೆ ನಾದಿನಿಯನ್ನು ಇವರ ಹತ್ತಿರ ಕೂರಿಸಿ, ಈರುಳ್ಳಿ ತರುತ್ತೇನೆ ಎಂದು ಸುಳ್ಳು ಹೇಳಿ ಯಾರ್ಡಿಗೆ ಹೋದೆ. ಮೂಟೆಗಳ ಸಾಲಿನ ನಡುವೆ ಸೆರಗು ಮೂಗಿಗೆ ಒತ್ತಿಕೊಂಡು ನಿಂತೆ. ಇವರ ಜಾಗದಲ್ಲಿ ಬೇರೆ ಯಾರೋ ಕೂಗುತ್ತಿದ್ದ. ಪಾಪ, ಒಳ್ಳೆಯವನೇ ಇರಬೇಕು. ಆದರೆ ಅದೂ ಒಂದು ಗಂಟಲೇ? "ಮೂರ್ಸಲಾ" ಅನ್ನುವಾಗ ಇವರು ಕೊನೆಗೆ ಒಂದು ಎತ್ತರ ಕೊಡುತ್ತಿದ್ದರು, ಇವನು ಅದನ್ನು ನುಂಗಿಬಿಡುತ್ತಿದ್ದ. ಆದರೂ ಹರಾಜು ಮುಗಿಯುವವರೆಗೆ ಅಲ್ಲೇ ನಿಂತು ಕೇಳಿದೆ. ಗುರುತು ಹಿಡಿದ ಹಮಾಲಿಯೊಬ್ಬರು, "ಅಣ್ಣ ಎಂಗವ್ರೆ ಅಕ್ಕ?" ಅಂದರು. ಚೆನ್ನಾಗಿದ್ದಾರೆ ಅಂದೆ. ಕಣ್ಣಲ್ಲಿ ನೀರು ಬಂದಿದ್ದಕ್ಕೆ ಈರುಳ್ಳಿ ಇತ್ತಲ್ಲ, ಯಾರೂ ಏನೂ ಕೇಳಲಿಲ್ಲ.

ಅವತ್ತು ಮಧ್ಯಾಹ್ನವೇ ನನಗೆ ಅತ್ತೆಯ ಮಾತು ನೆನಪಾಯಿತು. ಇಷ್ಟು ವರ್ಷ ಮಕ್ಕಳಿಗೆ ಮೂಢನಂಬಿಕೆ ಬಿಡಿ ಎಂದು ಪಾಠ ಹೇಳಿದವಳು ನಾನು. ಮೇಲಿನ ಗೂಡಿಗೆ ಎತ್ತಿಟ್ಟಿದ್ದ ಭರಣಿ ಇಳಿಸಿ, ನಾಲ್ಕು ಹರಳು ಉಪ್ಪು ತಂದು ಇವರ ಎಡಗೈಯಲ್ಲಿಟ್ಟೆ. "ತಗೊಳ್ಳಿ, ಕೈಗೇ ಕೊಟ್ಟಿದೀನಿ. ಈಗ ಜಗಳ ಆಡ್ಲೇಬೇಕು ನೀವು" ಅಂದೆ. ಇವರು ಉಪ್ಪನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಕೈಯನ್ನು ಬಾಯಿಗೆ ಕೊಂಡೊಯ್ದರು! "ಅಯ್ಯಯ್ಯೋ, ತಿನ್ನೋಕಲ್ಲ ರೀ" ಎಂದು ಮಣಿಕಟ್ಟು ಹಿಡಿದು ಎಳೆದೆ. ಉಪ್ಪೆಲ್ಲ ನೆಲಕ್ಕೆ ಚೆಲ್ಲಿತು. ಇವರು ನಕ್ಕರು. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕರು, ಅದೇ ಹಳೆಯ ಗಂಟಲು. ನಗು ಮುಗಿದ ಮೇಲೆ ಮತ್ತೆ ಮೌನ. ಉಪ್ಪು ಗುಡಿಸುತ್ತಾ ನಾನು ಅತ್ತುಬಿಟ್ಟೆ.

ಅಷ್ಟರಲ್ಲಿ ನನಗೂ ಬಿಪಿ ಇದೆ ಎಂದು ತಿಳಿಯಿತು. ಇವರನ್ನು ತೋರಿಸಲು ಹೋದಾಗ ಡಾಕ್ಟರಮ್ಮ ನನ್ನ ತೋಳಿಗೂ ಪಟ್ಟಿ ಕಟ್ಟಿದ್ದಳು. ಈಗ ಇಬ್ಬರಿಗೂ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಮಾತ್ರೆ. ಹಬ್ಬವಾಗಲಿ ಹರಿದಿನವಾಗಲಿ, ತಿಂಡಿ ಇರಲಿ ಇಲ್ಲದಿರಲಿ. ಹಾಲು ಕಾಯುವ ಮೊದಲು ಇವರು ಎಡಗೈ ಚಾಚುತ್ತಾರೆ, ನಾನು ಮಾತ್ರೆ ಇಡುತ್ತೇನೆ. ಇದನ್ನು ಕೈಯಿಂದ ಕೈಗೇ ಕೊಡುತ್ತೇನೆ.

ಮತ್ತೆ ಶ್ರಾವಣ ಬಂತು. ಈ ಸಲ ಇವರಿಗೆ ಒಪ್ಪೊತ್ತಿಲ್ಲ. ದೇವರ ಮುಂದೆ ನಿಂತು, ಇವರ ಪಾಲಿನ ಒಪ್ಪೊತ್ತೂ ನಾನೇ ಇರ್ತೀನಿ, ಮಾತ್ರೆ ಮಾತ್ರ ನುಂಗ್ತೀನಿ, ಕೋಪ ಮಾಡ್ಕೋಬೇಡಪ್ಪ ಎಂದು ಮೊದಲೇ ಹೇಳಿಕೊಂಡಿದ್ದೆ. ಶನಿವಾರ ಮಧ್ಯಾಹ್ನ ಇವರೊಬ್ಬರಿಗೆ ಉಪ್ಸಾರು ಮಾಡಿ, ಮುದ್ದೆ ಇಟ್ಟು, ಮಜ್ಜಿಗೆ ತರಲು ಒಳಗೆ ಹೋದೆ.

"ಲೇ."

ಲೋಟ ಹಿಡಿದವಳು ಹಾಗೇ ನಿಂತೆ. ಬೀದಿಯಲ್ಲಿ ಯಾರೋ ಯಾರನ್ನೋ ಕರೆದರೇನೋ ಅಂದುಕೊಂಡೆ. ಹೊರಗೆ ಬಂದು ನೋಡಿದರೆ ಇವರು ಚಮಚ ಕೆಳಗಿಟ್ಟಿದ್ದಾರೆ. ಹುಬ್ಬು ಗಂಟಿಕ್ಕಿದೆ. ಕತ್ತಿನ ನರ ಉಬ್ಬಿದೆ. ತುಟಿ ಒಂದಕ್ಕೊಂದು ಸೇರಿ, ಬಿಟ್ಟು, ಮತ್ತೆ ಸೇರಿತು.

"ಉಪ್... ಉಪ್ಪಿಲ್ಲ."

ಗೋಡೆ ಹಿಡಿದು ಅಲ್ಲೇ ಅವರ ಎದುರಿಗೆ ಕೂತೆ. ಭರಣಿ ಇಳಿಸಿ ಪೂರ್ತಿ ಸುರಿದುಬಿಡಲೇ ಅನ್ನಿಸಿತು. ಬಾಯಿಂದ ಬಂದಿದ್ದು ಹಳೆಯ ಮಾತೇ. "ಹಾಕಲ್ಲ."

ಇವರಿಗೆ ಸಿಟ್ಟು ಬಂತು. ಎಡಗೈಯಿಂದ ತಟ್ಟೆ ಕುಟ್ಟಿದರು. "ಲೇ! ಉಪ್ಪಿಲ್ಲ!"

"ಹಾಕಲ್ಲ ಅಂದ್ರೆ ಹಾಕಲ್ಲ ಕಣ್ರೀ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ" ಎಂದು ನಾನೂ ಕೂಗಿದೆ. ಕೂಗುತ್ತಲೇ ಅವರ ಎರಡೂ ಕೈ ಹಿಡಿದುಕೊಂಡೆ. "ಇನ್ನೊಂದ್ಸಲ ಕೇಳಿ. ಇನ್ನೊಂದ್ಸಲ ಬೈಯಿರಿ."