ಹಗೇವಿಗೆ ಇಳಿದ ಬಳೆಗಾರ

ಅದು ೧೯೭೫ರ ಬೇಸಿಗೆ. ನಾನು ಜೇವರ್ಗಿ ತಾಲೂಕಿನ ಕೊಳಕೂರಿನವಳು. ಮದುವೆಯಾಗಿ ಆಳಂದಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. "ಪುಣ್ಯಾ ಮಾಡೀದಿ ನೋಡು, ಹಳೀ ಕಾಲದ ದೊಡ್ಡೂರು ಸಿಕ್ಕದ" ಎಂದು ನಮ್ಮ ಕಡೆಯವರೆಲ್ಲ ಹೇಳಿ ಕಳಿಸಿದ್ದರು. ಊರು ಹಳೆಯದು ಅನ್ನುವುದೇನೋ ನಿಜ. ಬಿದ್ದುಹೋದ ಕೋಟೆಗೋಡೆ, ಅಗಸಿ ಬಾಗಿಲು, ದರ್ಗಾ, ಯಾರಿಂದಲೂ ಓದಲಾಗದ ಬರಹದ ಕಲ್ಲು, ಎಲ್ಲವೂ ಇತ್ತು. ನೋಡಲು ಬಂದವರು ಹೊಗಳಿ ಸಂಜೆಯ ಬಸ್ಸಿಗೆ ಹೋಗಿಬಿಡುತ್ತಾರೆ. ಒಳಗೆ ಬಾಳುವವರಿಗೆ ಸಿಗುವುದು ಹಗಲಲ್ಲೂ ದೀಪ ಬೇಕಾಗುವ ಕೋಣೆ ಮತ್ತು ಒಬ್ಬರ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬಡಿಯುವಷ್ಟು ಇಕ್ಕಟ್ಟಾದ ಓಣಿ.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಹುಸೇನ ಚಾಚಾ ಅಂತ ಬಳೆಗಾರರಿದ್ದರು, ಅವರ ಹೆಂಡತಿ ಖಾಜಾಬಿ ಚಾಚಿ ಇದ್ದರು. ಮಕ್ಕಳಿರಲಿಲ್ಲ. ಅಡಿಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅದರಿಂದಲೇ ಕೆಂಡ ಕೊಡುವುದು, ಪಲ್ಯ ಕೊಡುವುದು, ಅತ್ತೆಯ ಬೈಗುಳದ ಬಗ್ಗೆ ಪಿಸುಗುಟ್ಟುವುದು, ಎಲ್ಲ. ಮದುವೆಯಾದ ಹೊಸದರಲ್ಲಿ ನಾನು ಬಳೆ ಇಡಿಸಿಕೊಳ್ಳುವಾಗ ಅತ್ತಾಗ ಚಾಚಾ, "ಬಳಿ ಒಡೀತಾವಂತ ಅಳಾಕತ್ತೀಯೋ, ತವರಮನಿ ನೆನಪಾಗಿ ಅಳಾಕತ್ತೀಯೋ ಬೇಟಿ?" ಎಂದು ಕೇಳಿ ನಗಿಸಿದ್ದರು. ಆ ಊರಿನಲ್ಲಿ ನನ್ನನ್ನು ಮೊದಲು ನಗಿಸಿದವರು ಅವರೇ. ಆಮೇಲೆ ಹಾಗೆ ನಗಿಸಿದವರು ಬಹಳ ಜನ ಸಿಗಲಿಲ್ಲ.

ಈಗಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಜೋಳ ತುಂಬಿ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಮನೆಯ ಹಗೇವು ಹಿಂದಿನ ಪಡಸಾಲೆಯಲ್ಲಿ ಹಾಸುಗಲ್ಲಿನ ಕೆಳಗಿತ್ತು. ಅದನ್ನು ತೆರೆಯಲು ಒಂದು ಕ್ರಮವಿದೆ. ಕಲ್ಲು ಸರಿಸಿ ಒಂದು ಹಗಲು ಒಂದು ರಾತ್ರಿ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಅಂತ ಅರ್ಥ. ಹೊಲ ಇದ್ದವರ ಮನೆಯಲ್ಲಿ ಇದು ಕೂಸಿಗೂ ಗೊತ್ತು.

ಆದರೆ ಅದು ಲೆವಿಯ ಕಾಲ. ಬೆಳೆದ ಜೋಳದಲ್ಲಿ ಇಷ್ಟು ಪಾಲು ಸರಕಾರಕ್ಕೆ ಅದು ಹೇಳಿದ ದರದಲ್ಲಿ ಕೊಡಲೇಬೇಕಿತ್ತು. ಯಾರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿರಲಿಲ್ಲ. ಓಣಿಯ ಅರ್ಧ ಮನೆಗಳ ಹಗೇವಿನಲ್ಲಿ ಬಚ್ಚಿಟ್ಟ ಜೋಳವಿತ್ತು, ಎಲ್ಲರಿಗೂ ಎಲ್ಲರದೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಮಾವನವರು ಪೇಟೆಯಿಂದ ಬೆವರಿಕೊಂಡು ಬಂದರು. ನಾಳೆ ನಮ್ಮ ಓಣಿಗೆ ತಪಾಸಣೆ ಬರುತ್ತದೆ, ಇವತ್ತೇ ಹಗೇವು ಖಾಲಿ ಮಾಡಿ ಬಂಡಿಯಲ್ಲಿ ಹೊಲಕ್ಕೆ ಸಾಗಿಸಬೇಕು ಎಂದರು.

ನಮ್ಮ ಮನೆಯವರು ಮೆಲ್ಲಗೆ, "ಒಂದಿನಾ ತೆರದ ಬಿಡಬೇಕಲ್ರಿ ಅಪ್ಪಾ" ಎಂದರು.

"ತೆರದ ಬಿಟ್ರ ವಾಸನಿ ಓಣಿ ತುಂಬ ಹೊಡೀತದ. ಯಾರ್ಯಾರ ಮೂಗು ಕಟ್ಟತೀ ಲೇ? ಸುಮ್ನ ಇಳಿ, ನಾ ಇಲ್ಲೇ ನಿಂತೀನಿ."

ಹಗೇವಿನ ಜೋಳದ ವಾಸನೆ ಅಂಥದ್ದೇ. ಹುಳಿ ಹುಳಿಯಾಗಿ, ಮುಗ್ಗಿದಂತೆ, ಮೂರು ಮನೆಯಾಚೆಗೂ ತಿಳಿಯುತ್ತದೆ. ನಮ್ಮ ಮನೆಯವರು ತಂದೆಗೆ ಎದುರಾಡಿದವರಲ್ಲ. ಅವತ್ತೂ ಆಡಲಿಲ್ಲ.

ಸುಡು ಮಧ್ಯಾಹ್ನ. ಬಿಸಿಲಿಗೆ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಮಾವನವರು ತಲೆಬಾಗಿಲಿಗೆ ಅಗಳಿ ಹಾಕಿ, ಕಿಟಕಿಗಳಿಗೆ ಗೋಣಿತಟ್ಟು ತುರುಕಿದರು. ಕಲ್ಲು ಸರಿಸಿ ಸ್ವಲ್ಪ ಹೊತ್ತು ಬಿಟ್ಟು, ಅವಸರದಲ್ಲಿ ಕಂದೀಲನ್ನೂ ಬಿಟ್ಟು ನೋಡದೆ, ಏಣಿ ಇಳಿಬಿಟ್ಟರು. ನಮ್ಮ ಮನೆಯವರು ನಾಲ್ಕೈದು ಮೆಟ್ಟಿಲು ಇಳಿದಿರಬೇಕು, ಮಾತೇ ಇಲ್ಲ. ಅತ್ತೆ ಬಗ್ಗಿ ನೋಡಿ, "ಅಯ್ಯ ಶಿವನೇ" ಎಂದು ಕೂತುಬಿಟ್ಟರು. ನಾನು ಓಡಿಹೋಗಿ ನೋಡಿದೆ. ಅವರ ಒಂದು ಕಾಲು ಏಣಿಯಲ್ಲಿ ಸಿಕ್ಕಿತ್ತು, ಮೈ ಒಂದು ಕಡೆ ವಾಲಿತ್ತು, ತಲೆ ಎದೆಯ ಮೇಲೆ ಬಿದ್ದಿತ್ತು. ಮಾವ ಮಲಗಿ ಕೈ ಚಾಚಿದರೂ ಎಟುಕಲಿಲ್ಲ.

"ಮಂದೀನ ಕರೀರಿ!" ಎಂದೆ.

"ಬಾಯಿ ಮುಚ್ಚ ಬೇ! ಒದರಿದ್ರ ಎಲ್ಲಾ ಹೋಗ್ತದ" ಎಂದರು ಮಾವ. ತಮ್ಮ ಮಗ ಹೋಗುತ್ತಿದ್ದಾನೆ ಎಂಬುದು ಅವರ ತಲೆಗೆ ಆ ಹೊತ್ತಿನಲ್ಲಿ ಹೋಗಲೇ ಇಲ್ಲ ಎಂದು ಕಾಣುತ್ತದೆ. ಅಥವಾ ಹೋಗಿತ್ತೋ ಏನೋ, ದೇವರಿಗೇ ಗೊತ್ತು.

ನಾನು ಅಡಿಗೆಮನೆಗೆ ಓಡಿ ಕಿಂಡಿಗೆ ಬಾಯಿ ಇಟ್ಟು, "ಚಾಚಾ, ಜಲ್ದಿ ಬರ್ರಿ, ನಮ್ಮವರು ಒಳಗ ಸಿಕ್ಕಾರ್ರಿ" ಎಂದು ಕರೆದೆ.

ಚಾಚಾ ಊಟಕ್ಕೆ ಕೂತಿದ್ದರಂತೆ. ಎಂಜಲು ಕೈಯಲ್ಲೇ ಹಿತ್ತಲ ಬಾಗಿಲಿನಿಂದ ಬಂದರು, ಹಿಂದೆಯೇ ಚಾಚಿ ಬಂದರು. ಅವರು ಹೊಲ ಮನೆ ಕಂಡವರಲ್ಲ, ಬಳೆ ಬುಟ್ಟಿ ಹೊತ್ತು ಬದುಕಿದವರು. ಹಗೇವಿನ ಗಾಳಿ ಅಂದರೇನೆಂದು ಅವರಿಗೆ ಯಾರು ಹೇಳಬೇಕು? ಯಾರೂ ಹೇಳಲಿಲ್ಲ. ಹೇಳುವಷ್ಟು ಹೊತ್ತೂ ಅವರು ನಿಲ್ಲಲಿಲ್ಲ. "ತಡೀರಿ, ತಡೀರಿ, ನಾ ಕೆಳಗಿಂದ ಎತ್ತತೀನಿ" ಎನ್ನುತ್ತಲೇ ಏಣಿಯ ಹಿಂಬದಿಯಿಂದ ಇಳಿದು ನಮ್ಮ ಮನೆಯವರ ಕೆಳಗೆ ಹೋದರು. ಸಿಕ್ಕಿದ್ದ ಕಾಲು ಬಿಡಿಸಿ, ಹೆಗಲು ಕೊಟ್ಟು ನೂಕಿದರು. ಮೇಲೆ ನಾವು ನಾಲ್ಕು ಜನ ಕೈ, ಅಂಗಿ, ಕೂದಲು, ಸಿಕ್ಕಿದ್ದೆಲ್ಲ ಹಿಡಿದು ಎಳೆದೆವು. ನಮ್ಮ ಮನೆಯವರು ಹೊರಗೆ ಬಂದರು.

ಚಾಚಾ ಮೇಲೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಏಣಿಯ ಮೇಲಿನ ಹಿಡಿತ ಸಡಿಲಿತು, ಕತ್ತಲೆಯಲ್ಲಿ ಜೋಳದ ಮೇಲೆ ಬಿದ್ದ ಸದ್ದು ಕೇಳಿಸಿತು. ಅಷ್ಟೇ.

ಚಾಚಿ ಬಾಗಿಲ ಕಡೆ ಓಡಿದರು. ಮಾವನವರು ಬಾಗಿಲಿಗೆ ಅಡ್ಡ ನಿಂತು, "ಒಂದ ನಿಮಿಷ ತಡೀ ಬೇ, ಇವನ್ನ ಒಳಗ ಮಲಗಿಸ್ತೀನಿ" ಎಂದರು. ಮಗನನ್ನು ಎಳೆದುಕೊಂಡು ಹೋಗಿ ದೇವರ ಕೋಣೆಯಲ್ಲಿ ಮಲಗಿಸಿ ಕದ ಮುಚ್ಚಿದರು. ಅಷ್ಟರಲ್ಲಿ ನಾನು ಅಗಳಿ ತೆಗೆದು, ತಲೆಯ ಮೇಲೆ ಸೆರಗೂ ಇಲ್ಲದೆ ಓಣಿಗೆ ಓಡಿ, "ಚಾಚಾ ಹಗೇವಿನ್ಯಾಗ ಬಿದ್ದಾರ, ಬರ್ರಿ" ಎಂದು ಕೂಗಿದೆ. ಜನ ಬಂದರು. ಬಾವಿಯಲ್ಲಿ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು ಇಳಿಬಿಟ್ಟರು. ಅವರ ನಡುಪಟ್ಟಿಗೆ ಕೊಕ್ಕೆ ಸಿಕ್ಕು ಮೇಲೆ ಬಂದಾಗ ಉಸಿರು ಇರಲಿಲ್ಲ. ಬಲಗೈಯಲ್ಲಿ ರೊಟ್ಟಿಯ ಚೂರು ಇನ್ನೂ ಅಂಟಿಕೊಂಡಿತ್ತು.

ಇದಿಷ್ಟೇ ಆಗಿದ್ದರೆ ನಾನು ಅತ್ತು ಮರೆಯುತ್ತಿದ್ದೆನೋ ಏನೋ. ಪಂಚನಾಮಾ ಬರೆಯುವವರು ಬಂದರು. ಮಾವನವರು ಎಲ್ಲರ ಎದುರು ತಣ್ಣಗೆ ಹೇಳಿದರು: "ನಾವು ಊಟಾ ಮಾಡಿ ಮಲಗಿದ್ದೆವ್ರಿ. ಹಿತ್ತಲ ಬಾಗಿಲಿಂದ ಬಂದಾನ. ತಳದಾಗ ಒಂದೀಟು ಬೀಜದ ಜೋಳ ಇತ್ತು, ಅದಕ್ಕ ಇಳದಾನ."

ಬಂದವರು ಹಗೇವಿನೊಳಗೆ ಕಂದೀಲು ಬಿಟ್ಟರು, ಆರಿಹೋಯಿತು. ಒಳಗೆ ಜೋಳ ಎಷ್ಟಿದೆ ಎಂದು ಇಳಿದು ನೋಡಲು ಯಾರೂ ತಯಾರಿರಲಿಲ್ಲ. ಒಂದೀಟು ಎಂದರೆ ಒಂದೀಟು ಎಂದೇ ಆಯಿತು; ಮರುದಿನ ತಪಾಸಣೆಗೆ ಬಂದವರೂ ಅದನ್ನೇ ಬರೆದುಕೊಂಡು ಹೋದರು.

"ಸುಳ್ಳ್ರಿ! ನಾನೇ ಕರದೀನಿ. ನಮ್ಮವರು ಸಿಕ್ಕಿದ್ರು, ಅವರನ್ನ ಎತ್ತಾಕ ಬಂದ್ರು" ಎಂದು ನಾನು ಹೇಳಿದೆ. ಅತ್ತೆ ನನ್ನ ರಟ್ಟೆ ಹಿಡಿದು ಒಳಗೆಳೆದು, "ಹೆದರಿ ಏನೇನೋ ಬಡಬಡಸಾಕತ್ತಾಳ್ರಿ" ಎಂದರು. ನಾನು ಕಿಂಡಿಯಲ್ಲಿ ಕರೆದದ್ದನ್ನು ಓಣಿಯವರು ಕೇಳಿರಲಿಲ್ಲ. ಅವರು ಕೇಳಿದ್ದು ಬೀದಿಯಲ್ಲಿ ನಾನು ಕೂಗಿದ್ದನ್ನು ಮಾತ್ರ. ಅದರಲ್ಲಿ ನಮ್ಮ ಮನೆಯವರ ಸುದ್ದಿಯೇ ಇರಲಿಲ್ಲವಲ್ಲ! "ಚಾಚಾ ಬಿದ್ದಾರಂತ ಸೊಸಿನೇ ಒದರಿದಳಲ್ರಿ" ಎಂದು ನನ್ನ ಮಾತನ್ನೇ ನನ್ನ ಮೇಲೆ ತಿರುಗಿಸಿದರು. ಚಾಚಿಯನ್ನು ಕೇಳಿದರು, ಅವರೂ ನಿಜವನ್ನೇ ಹೇಳಿದರು. ಸತ್ತವನ ಹೆಂಡತಿ ಇನ್ನೇನು ಹೇಳುತ್ತಾಳೆ ಎಂದು ಬಿಟ್ಟರು. ಓಣಿಯ ಹಿರಿಯರಲ್ಲಿ ಒಬ್ಬರಾದರೂ ತುಟಿ ಬಿಚ್ಚುತ್ತಾರೆಂದು ಕಾದೆ. ಒಂದು ಮನೆಯ ಹಗೇವು ಕೆದಕಿದರೆ ನಾಳೆ ತಮ್ಮದನ್ನೂ ಕೆದಕುತ್ತಾರೆ ಎಂಬ ಅಂಜಿಕೆ ಎಲ್ಲರಿಗೂ ಇತ್ತು. ಮಾವನವರ ಮಾತಿಗೆ ಎಲ್ಲರೂ ತಲೆಯಾಡಿಸಿದರು.

ಎರಡು ದಿನಕ್ಕೆ ನಮ್ಮ ಮನೆಯವರು ಎದ್ದು ಕೂತರು. ನಾನು ಅವರ ಕಾಲು ಹಿಡಿದು, "ನೀವರ ಹೇಳ್ರಿ" ಎಂದೆ. ಅವರು ಗೋಡೆ ನೋಡುತ್ತ, "ನನಗ ಎಚ್ಚರ ಇರಲಿಲ್ಲ. ನಾ ಏನಂತ ಹೇಳಲಿ?" ಎಂದರು. ಅದು ಸುಳ್ಳಲ್ಲ. ಅದಕ್ಕೇ ಆ ಮಾತು ನನಗೆ ಹೆಚ್ಚು ಉರಿಯಿತು.

ನನ್ನ ಬಾಯಿ ಮುಚ್ಚುವುದಿಲ್ಲ ಎಂದು ಗೊತ್ತಾದ ಮೇಲೆ ನನ್ನನ್ನು ಕೊಳಕೂರಿಗೆ ಕಳಿಸಿದರು. ಅಲ್ಲಿ ಅಪ್ಪ, "ಅವರ ಮನಿ ಮಾನಾ ಕಳದು ಎಲ್ಲಿ ಬಾಳ್ತಿ ಬೇ?" ಎಂದ. ಮಳೆಗಾಲ ಮುಗಿದ ಮೇಲೆ ತಾನೇ ಕರೆದುಕೊಂಡು ಬಂದು ಬಿಟ್ಟುಹೋದ. ಅಷ್ಟರಲ್ಲಿ ಪಕ್ಕದ ಮನೆಗೆ ಕೀಲಿ ಬಿದ್ದಿತ್ತು. ಕಳ್ಳನ ಹೆಂಡತಿ ಎಂದು ಹೆಂಗಸರು ಚಾಚಿಯ ಕೈಯಿಂದ ಬಳೆ ಇಡಿಸಿಕೊಳ್ಳುವುದನ್ನು ಬಿಟ್ಟಿದ್ದರಂತೆ. ತಮ್ಮನ ಮನೆ ಸೇರಲು ಅಫಜಲಪುರಕ್ಕೆ ಹೋದರಂತೆ. ಕಿಂಡಿಗೆ ನಮ್ಮ ಮನೆಯವರೇ ಮಣ್ಣು ಮೆತ್ತಿದ್ದರು.

ಆಮೇಲೆ ನಾನೂ ಎಲ್ಲರಂತೆ ಸಂಸಾರ ಮಾಡಿದೆ. ರೊಟ್ಟಿ ಬಡಿದೆ, ಮಕ್ಕಳನ್ನು ಹಡೆದೆ. ಮಾವ ತೀರಿಕೊಂಡರು, ಲೆವಿ ಹೋಯಿತು, ಹಗೇವಿಗೆ ಮಣ್ಣು ತುಂಬಿಸಿ ಮೇಲೆ ಫರ್ಸಿ ಕಲ್ಲು ಹಾಸಿದರು. ಇನ್ನು ಯಾರಿಗೂ ಯಾವ ಅಂಜಿಕೆಯೂ ಇರಲಿಲ್ಲ, ಆದರೂ ಸುಳ್ಳು ಮಾತ್ರ ಉಳಿಯಿತು. ಒಂದು ಸಂಜೆ ಮಗಳು ಸುವರ್ಣಾ ಶಾಲೆಯಿಂದ ಬಂದವಳೇ, "ಅವ್ವಾ, ನಮ್ಮ ಮನ್ಯಾಗ ಜೋಳದ ಕಳ್ಳ ಬಿದ್ದು ಸತ್ತಿದ್ನಂತ, ಖರೇನಾ?" ಎಂದು ಕಣ್ಣರಳಿಸಿ ಕೇಳಿದಳು. ನಾನು ಅವಳನ್ನು ಕೂರಿಸಿಕೊಂಡು ಆದದ್ದೆಲ್ಲ ಹೇಳಿದೆ. ಅಲ್ಲೇ ಊಟ ಮಾಡುತ್ತಿದ್ದ ಅವಳ ಅಪ್ಪ ತಲೆ ಎತ್ತಲಿಲ್ಲ. ಅವಳು ನನ್ನನ್ನೂ ಅವರನ್ನೂ ನೋಡಿ, "ಮತ್ತ ಎಲ್ಲಾರೂ ಹಂಗ ಯಾಕ ಹೇಳ್ತಾರ? ಅಜ್ಜಾ ಸುಳ್ಳು ಹೇಳ್ತಿದ್ನೇನು?" ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೇ ನನ್ನ ಮಾತು ನಂಬಿಸಲು ಆಗಲಿಲ್ಲ.

ಈ ವರ್ಷ ಯುಗಾದಿಗೆ ಮುಂಚೆ ನೆಂಟರ ಮದುವೆಗೆಂದು ಅಫಜಲಪುರಕ್ಕೆ ಹೋಗಿದ್ದೆ. ಬಜಾರಿನಲ್ಲಿ ಒಬ್ಬ ಮುದುಕಿ ಬಳೆ ಹರಡಿಕೊಂಡು ಕೂತಿದ್ದರು. ದನಿ ಕೇಳಿಯೇ ಗುರುತು ಹಿಡಿದೆ. "ಚಾಚಿ" ಎಂದೆ. ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನನ್ನ ಕೈ ಹಿಡಿದು, ಬೆರಳ ಗೆಣ್ಣು ಒತ್ತಿ ನೋಡಿ, "ಬೇಟಿ, ನೀನಾ?" ಎಂದರು. ಇಬ್ಬರೂ ಅಲ್ಲೇ ಬಜಾರಿನಲ್ಲಿ ಅತ್ತೆವು. ಕ್ಷಮೆ ಕೇಳಲು ಹೋದೆ. ಅವರು ಬಾಯಿ ಮುಚ್ಚಿಸಿದರು.

"ನೀ ಕರದಿ, ಅವರು ಬಂದ್ರು. ಕರದ್ರ ಬರಬಾರದಾ? ಅದಕ್ಕ ನನಗ ಸಿಟ್ಟಿಲ್ಲ ಬೇಟಿ. ಹೋದವರಿಗಿ ಕಳ್ಳ ಅಂದ್ರಲ್ಲ, ಅದು ನುಂಗಾಕ ಆಗವಲ್ದು. ಆ ಮಂದಿ ಮಾರಿ ನೋಡಬಾರದಂತ ಅವರ ಗೋರಿಗಿನೂ ನಾ ಬಂದಿಲ್ಲ."

ಹಿಡಿದ ಕೈ ಬಿಡದೆ ಕೇಳಿದರು: "ಈಗರ ಆಳಂದದ ಮಂದಿಗಿ ಖರೇ ಗೊತ್ತಾಗ್ಯದೇನು?"

ಆ ಮುಖ ನೋಡಿ ಇಲ್ಲ ಎನ್ನಲು ನನಗೆ ನಾಲಿಗೆ ಬರಲಿಲ್ಲ. "ಹೌದು ಚಾಚಿ, ಎಲ್ಲಾರಿಗೂ ಗೊತ್ತಾಗ್ಯದ. ಎಲ್ಲಾರೂ ನೆನಸ್ತಾರ" ಎಂದುಬಿಟ್ಟೆ.

ಅವರ ಮುಖ ಅರಳಿದ ಬಗೆಯನ್ನು ನಾನು ಸಾಯುವವರೆಗೂ ಮರೆಯಲಾರೆ. "ಅಲ್ಲಾ! ಹಂಗಾರ ನಾ ಒಮ್ಮಿ ಬರ್ತೇನಿ ಬೇಟಿ. ರಮಜಾನ್ ಮುಗೀಲಿ. ಗೋರಿಗಿ ಹೂವು ಹಾಕಿ, ಓಣ್ಯಾಗ ಎಲ್ಲಾರಿಗೂ ಭೆಟ್ಟಿಯಾಗಿ ಹೋಗ್ತೇನಿ" ಎಂದು ನನ್ನ ಕೈತುಂಬ ಹಸಿರು ಬಳೆ ಇಟ್ಟರು.

ರಮಜಾನ್ ಮುಗಿದಿದೆ. ಅಫಜಲಪುರದ ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಬಂದು ಇಣುಕುತ್ತೇನೆ. ಮನೆಮನೆಗೆ ಹೋಗಿ ಹೇಳಿ ನೋಡಿದೆ. "ಹಳೀದು ಯಾಕ ತಗೀತೀರಿ ಬಿಡ್ರಿ" ಎನ್ನುತ್ತಾರೆ, ಇಲ್ಲವೇ ನಗುತ್ತಾರೆ. ಕಣ್ಣು ಕಾಣದ ಆ ಮುದುಕಿ ಓಣಿಯ ತುದಿಯಲ್ಲಿ ಇಳಿದು ಹುಸೇನಸಾಬರ ಮನೆ ಎಲ್ಲಿ ಎಂದು ಕೇಳಿದರೆ, ಅಲ್ಲಿ ಆಡುವ ಹುಡುಗರೇ ಏನು ಹೇಳುತ್ತಾರೆಂದು ನನಗೆ ಗೊತ್ತಿದೆ. ತಡೆಯುವ ದಾರಿ ಯಾವುದೂ ಕಾಣುತ್ತಿಲ್ಲ. ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ನಮ್ಮ ಓಣಿಯಲ್ಲಿ ಒಂದೆರಡು ಮನೆಗೆ ಬರುತ್ತದೆ, ಅಷ್ಟೇ. ಓದಿದವರು ನಂಬುತ್ತಾರೆಂಬ ಭರವಸೆ ನನಗಿಲ್ಲ, ಆದರೂ ಬರೆದಿದ್ದೇನೆ. ಹುಸೇನ ಚಾಚಾ ಜೋಳಕ್ಕೆ ಬಂದವರಲ್ಲ. ನಾನು ಕರೆದಿದ್ದೆ.