ರಿಬ್ಬನ್ನಕ್ಕ ಕಟ್ಟಿಕೊಟ್ಟ ಉಡುಗೊರೆ

ಆಟಿಕೆ ಅಂಗಡಿಯ ಮೂಲೆಯಲ್ಲಿ ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತಿಕೊಡುವ ಮೇಜೊಂದಿದೆ. ಒಂಬತ್ತು ವರ್ಷದಿಂದ ಅದರ ಹಿಂದೆ ನಿಂತವಳು ರಿಬ್ಬನ್ನಕ್ಕ. ಹೆತ್ತವರಿಟ್ಟ ಹೆಸರು ಬೇರೆ. ಕಟ್ಟಿಕೊಂಡ ಗಂಡನೂ ಈಗ ಆ ಹೆಸರಿನಿಂದ ಕರೆಯುವುದಿಲ್ಲ ಬಿಡಿ. ಬೆಲೆಯ ಚೀಟಿ ಕೀಳಲೆಂದೇ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದಳು. ಯಾರು ಯಾರ ಮಗುವಿಗೆ ಎಷ್ಟರದ್ದು ಕೊಡುತ್ತಾರೆ ಎಂಬುದೆಲ್ಲ ಅವಳಿಗೆ ಗೊತ್ತು. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿದವಳಲ್ಲ. ಆದರೆ ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲೇ.

ಆ ಸಿಟ್ಟಿನ ಮುಕ್ಕಾಲು ಪಾಲು ವಾರಗಿತ್ತಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ಮೀಸಲಾಗಿತ್ತು. ಸುಮ್ಮನೆ ಅಲ್ಲ. ಆ ಮಹಾತಾಯಿ ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆಲ್ಲ ಹೊರಡುವಾಗ ಒಂದೊಂದು ಚೀಲ ಕೊಡುತ್ತಿದ್ದಳು. ಚೀಲ ಎಲ್ಲರಿಗೂ ಒಂದೇ ಅಲ್ಲ. ಭಾರಿ ಉಡುಗೊರೆ ತಂದ ಮಗುವಿಗೆ ದೊಡ್ಡದು, ಸಾಧಾರಣದ್ದು ತಂದ ಮಗುವಿಗೆ ಸಣ್ಣದು. ಅದಕ್ಕಾಗಿ ಬಾಗಿಲಲ್ಲೇ ಪೊಟ್ಟಣ ಬಿಚ್ಚಿ ನೋಡುತ್ತಿದ್ದಳು. ಇಂಥ ಬುದ್ಧಿ ಬೇರೆ ಯಾರಿಗಾದರೂ ಬಂದೀತೇ?

ಹೋದ ವರ್ಷ ಆ ಹುಡುಗನಿಗೆ ಏಳು ತುಂಬಿದಾಗ ರಿಬ್ಬನ್ನಕ್ಕನ ಆರು ವರ್ಷದ ಮಗಳು ತಾನೇ ಆರಿಸಿದ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದಳು. ವಾರಗಿತ್ತಿ ಬಿಚ್ಚಿ ನೋಡಿ, ನೆರೆದವರೆದುರು ನಕ್ಕಳು.

"ಅಂಗಡಿಯಲ್ಲಿ ಕೆಲಸ ಮಾಡೋರಿಗೆ ಸುತ್ತೋ ಕಾಗದ ಪುಕ್ಕಟೆ. ಒಳಗಿರೋದೂ ಪುಕ್ಕಟೆನೇ ಎತ್ಕೊಂಡು ಬಂದ್ರೇನೋ!"

ಎತ್ಕೊಂಡು ಬಂದರಂತೆ! ಹೊರಡುವಾಗ ಮಗುವಿನ ಕೈಗೆ ಸಿಕ್ಕಿದ್ದು ಒಂದು ರಬ್ಬರು. ಪಕ್ಕದ ಮಗುವಿನ ಚೀಲದಲ್ಲಿ ಬಾಲ ಆಡಿಸುವ ಗೊಂಬೆ ಇತ್ತು. ಮಗಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅಂದಿನಿಂದ ಯಾವ ಗೆಳತಿ ಕರೆದರೂ ಅವಳದ್ದು ಒಂದೇ ಮಾತು: "ನಾನು ಬರಲ್ಲ." ಕುಣಿದಾಡುತ್ತಿದ್ದ ಮಗು ಭಾನುವಾರವೆಲ್ಲ ಕಿಟಕಿ ಹಿಡಿದು ಕೂತಿರುತ್ತಿತ್ತು. ಅದನ್ನು ನೋಡಿದಾಗೆಲ್ಲ ರಿಬ್ಬನ್ನಕ್ಕನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಆ ಹೆಂಗಸು ಎಲ್ಲರೆದುರು ನನ್ನ ಮಗಳ ಮುಂದೆ ತಲೆ ತಗ್ಗಿಸಬೇಕು. ಆಗಲೇ ನನ್ನ ಕೂಸು ತಲೆ ಎತ್ತೋದು. ಹೀಗೆಂದು ಹಲ್ಲು ಕಚ್ಚಿ ಕಾದಳು.

ನಾಲ್ಕು ತಿಂಗಳ ಮೇಲೆ ಮಿಕ ತಾನಾಗಿಯೇ ಬಲೆಯ ಬಳಿ ಬಂತು. ವಾರಗಿತ್ತಿ ಒಂದು ಮಧ್ಯಾಹ್ನ ದೊಡ್ಡ ಡಬ್ಬವೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಆಟದ ರೈಲು.

"ನಿಮ್ಮ ಭಾವನ ಆಫೀಸಿನ ಸಾಹೇಬರ ಮಗಂದು ನಾಳೆ ಹುಟ್ಟುಹಬ್ಬ. ಬಡ್ತಿ ಅವರ ಕೈಯಲ್ಲೇ ಇದೆ ನೋಡು. ಇದು ನಮ್ಮಣ್ಣ ನನ್ನ ಮಗನಿಗೆ ಕೊಟ್ಟಿದ್ದು, ಬೀರುನಲ್ಲಿ ಹಾಗೇ ಬಿದ್ದಿತ್ತು. ಇಲ್ಲೇ ಕೊಂಡ ಹಾಗೆ ಕಾಣಬೇಕು. ಬಂಗಾರದ ಕಾಗದ ಹಾಕಿಬಿಡು."

ರಿಬ್ಬನ್ನಕ್ಕ ಡಬ್ಬ ತಿರುಗಿಸಿದಳು. ಮೂಲೆಯಲ್ಲಿ ಒಂದು ನೀಲಿ ಬಟ್ಟೆಯ ತೇಪೆ. ಅದನ್ನು ಅಂಟಿಸಿದ್ದು ಅವಳೇ! ನಾಲ್ಕು ತಿಂಗಳ ಹಿಂದೆ, ಅದೇ ಹುಡುಗನ ಹುಟ್ಟುಹಬ್ಬಕ್ಕೆ ಕೊಳ್ಳುವಾಗ ಡಬ್ಬದ ಮೂಲೆ ಹರಿದಿದೆಯೆಂದು ಸಾಹೇಬರ ಹೆಂಡತಿ ಅರ್ಧ ಗಂಟೆ ಜಗಳವಾಡಿ, ಎದುರಿಗೇ ನಿಂತು ಆ ತೇಪೆ ಹಾಕಿಸಿಕೊಂಡಿದ್ದರು. ಆಮೇಲೆ ಇದೇ ವಾರಗಿತ್ತಿಯ ಮನೆಗೆ ತಡವಾಗಿ ಬಂದು, ಬಿಚ್ಚದೆ ಉಳಿದ ಉಡುಗೊರೆಗಳ ರಾಶಿಯ ಮೇಲಿಟ್ಟು ಹೋಗಿದ್ದರು. ವಾರಗಿತ್ತಿ ಅಷ್ಟನ್ನೂ ಒಟ್ಟಿಗೆ ಹರಿದು, ಹೆಸರಿನ ಚೀಟಿಗಳನ್ನು ಕಾಗದದ ಜೊತೆಗೇ ಗುಡಿಸಿ ಎಸೆದಿದ್ದಳು. ಬೆಲೆ ನೆನಪಿತ್ತು, ಕೊಟ್ಟವರು ನೆನಪಿರಲಿಲ್ಲ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ರಿಬ್ಬನ್ನಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಅಂಗಡಿಯ ಅತಿ ಒಳ್ಳೆಯ ಕಾಗದ ತೆಗೆದು, ಒಂದೂ ಸುಕ್ಕಿಲ್ಲದ ಹಾಗೆ ಸುತ್ತಿದಳು.

"ಎಲ್ಲರೆದುರೇ ಬಿಚ್ಚಿಸಿ ಅಕ್ಕ. ಇಂಥದ್ದನ್ನ ಮುಚ್ಚಿಡಬಾರದು."

"ಮತ್ತೆ? ನನ್ನ ಮಗನ ಕೈಲೇ ಕೊಡಿಸಿ, ಅಲ್ಲೇ ಬಿಚ್ಚಿಸ್ತೀನಿ."

ಮಗನ ಕೈಲೇ. ರಿಬ್ಬನ್ನಕ್ಕನ ಕೈ ಕತ್ತರಿಯ ಮೇಲೆ ಒಂದು ಗಳಿಗೆ ನಿಂತಿತು. ಹುಡುಗ ಒಳ್ಳೆಯವನು, ಪಾಪ. ಚಿಕ್ಕಮ್ಮ ಚಿಕ್ಕಮ್ಮ ಅಂತ ಸುತ್ತುತ್ತಿದ್ದವನು. ಆಮೇಲೆ ಕಿಟಕಿ ಹಿಡಿದು ಕೂತ ಮಗಳು ಕಣ್ಣ ಮುಂದೆ ಬಂದಳು. ನನ್ನ ಕೂಸನ್ನು ಯಾರು ಪಾಪ ಅಂದರು? ರಿಬ್ಬನ್ನಿನ ಗಂಟು ಬಿಗಿದಳು.

ಮಾರನೆಯ ಸಂಜೆ, ವಾರಗಿತ್ತಿಯ ಜೊತೆ ಹೋಗಿದ್ದ ಅತ್ತೆ ಫೋನಿನಲ್ಲಿ ಕತೆಯನ್ನೆಲ್ಲ ಹೇಳಿದರು. ತುಂಬಿದ ಕೋಣೆಯಲ್ಲಿ ಕಾಗದ ಬಿಚ್ಚಿದ್ದಾಯಿತು. ಸಾಹೇಬರ ಹೆಂಡತಿ ನೀಲಿ ತೇಪೆ ನೋಡಿದರು, ಹುಡುಗನನ್ನು ನೋಡಿದರು.

"ಇದು ನಾವೇ ನಿನಗೆ ಕೊಟ್ಟಿದ್ದಲ್ವೇನೋ? ನಿನಗೆ ಇಷ್ಟ ಆಗಲಿಲ್ವಾ?"

ಹುಡುಗ ಬಿಕ್ಕಿಬಿಟ್ಟನಂತೆ. "ತುಂಬಾ ಇಷ್ಟ ಆಗಿತ್ತು. ಅಮ್ಮ ಮುಟ್ಟೋಕೇ ಬಿಡಲಿಲ್ಲ."

ಅಲ್ಲಿದ್ದವರೆಲ್ಲ ನಕ್ಕರು. ಮಕ್ಕಳು ಅವನಿಗೆ 'ವಾಪಸ್ಸು' ಎಂದು ಅಡ್ಡಹೆಸರಿಟ್ಟರು. ಭಾವನ ಬಡ್ತಿಯ ಮಾತು ಅಲ್ಲಿಗೇ ನಿಂತಿತು. ಮಾಡಿದ್ದುಣ್ಣೋ ಮಹಾರಾಯ! ಫೋನಿಟ್ಟು ರಿಬ್ಬನ್ನಕ್ಕ ಒಬ್ಬಳೇ ನಕ್ಕಳು, ಅಡುಗೆಮನೆಯಲ್ಲಿ ನಿಂತು ಮನಸಾರೆ ನಕ್ಕಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಗಿತ್ತು.

ಎರಡು ದಿನ ಬಿಟ್ಟು ವಾರಗಿತ್ತಿ ಅಂಗಡಿಗೆ ನುಗ್ಗಿದಳು. ಶಾಲೆ ಮುಗಿಸಿ ಬಂದ ಮಗಳು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದಳು. ಕೊಳ್ಳುವವರು ಸಾಲುಗಟ್ಟಿದ್ದರು.

"ನಿನಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು," ಎಂದಳು ರಿಬ್ಬನ್ನಕ್ಕ, ಕಾಗದ ಕತ್ತರಿಸುತ್ತಲೇ.

"ನಮ್ಮ ಮಾನ ಹೋಯ್ತಲ್ಲೇ! ನನ್ನ ಮಗನ ಕೈಲಿ ಕೊಡಿಸಿದ್ದಕ್ಕೆ ಎಲ್ಲರೂ ಅವನನ್ನ ನೋಡಿ ನಕ್ಕರು, ಅನ್ನ ಬಿಟ್ಟು ಕೂತಿದ್ದಾನೆ."

"ನನ್ನ ಮಗಳ ಮಾನ ಹೋದಾಗ ಎಲ್ಲಿತ್ತು ಈ ಬಾಯಿ? ಆರು ವರ್ಷದ ಕೂಸನ್ನ ಕಳ್ಳಿ ಮಾಡಿದ್ರಿ. ಮೊದಲು ಅವಳ ಹತ್ರ ತಪ್ಪಾಯ್ತು ಅನ್ನಿ. ಇಲ್ಲೇ, ಇವರೆಲ್ಲರೆದುರು. ಆಮೇಲೆ ನನ್ನ ಹತ್ರ ಮಾತಾಡಿ."

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ವಾರಗಿತ್ತಿ ಸೆರಗು ಎಳೆದುಕೊಂಡು ಬಾಗಿಲ ಕಡೆ ನೋಡಿದಳು. ಕೊನೆಗೆ ಸ್ಟೂಲಿನ ಮುಂದೆ ಬಗ್ಗಿ, "ನಂದು ತಪ್ಪಾಯ್ತು ಪುಟ್ಟಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ರಿಬ್ಬನ್ನಕ್ಕ ಕಾದಿದ್ದು ಇದೊಂದಕ್ಕೇ. ಈಗ ಮಗಳ ಮುಖ ಅರಳುವುದನ್ನು ನೋಡಲು ತಿರುಗಿದಳು.

ಮಗಳು ದೊಡ್ಡಮ್ಮನನ್ನು ನೋಡುತ್ತಿರಲಿಲ್ಲ.

"ಅಮ್ಮ, ಅಣ್ಣನ ಕೈಲೇ ಕೊಡಿಸ್ತಾರೆ ಅಂತ ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ಹೂಂ."

"ಎಲ್ಲರೂ ಅವನನ್ನ ನೋಡಿ ನಗ್ತಾರೆ ಅಂತಾನೂ?"

ರಿಬ್ಬನ್ನಕ್ಕ ಮತ್ತೆ ಕತ್ತರಿ ಕೈಗೆತ್ತಿಕೊಂಡಳು. ಮಗಳು ಪುಸ್ತಕ ಮುಚ್ಚಿ ಸ್ಟೂಲಿನಿಂದ ಇಳಿದಳು.

"ದೊಡ್ಡಮ್ಮ, ಅಣ್ಣ ಎಲ್ಲಿ?"

"ಹೊರಗಿದ್ದಾನೆ. ಒಳಗೆ ಬರಲ್ಲ ಅಂತಾನೆ."

ಹುಡುಗಿ ಸಾಲಿನವರ ನಡುವೆ ನುಸುಳಿ ಹೊರಗೆ ಹೋದಳು. ಗಾಜಿನಾಚೆ ಹುಡುಗ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಅವಳು ಅವನ ಪಕ್ಕ ಹೋಗಿ ನಿಂತಳು. ವಾರಗಿತ್ತಿಯ ಮೇಲಿನ ಸಿಟ್ಟು ರಿಬ್ಬನ್ನಕ್ಕನಿಗೆ ಆಗಲೂ ಎಳ್ಳಷ್ಟೂ ಇಳಿದಿರಲಿಲ್ಲ. ಮಗಳು ಈಗಲಾದರೂ ತಿರುಗಿಯಾಳೆಂದು ಗಾಜಿನತ್ತಲೇ ನೋಡುತ್ತ ನಿಂತಳು. ಮಗಳು ತಿರುಗಲಿಲ್ಲ.