ಮೊದಲು ತಲೆ ಬಗ್ಗಿಸು

ಗೋಣಿಬೀಡಿನ ಕರಾಟೆ ಮಾಸ್ಟರು ಓಂಕಾರಪ್ಪನವರಿಗೆ ಏಟಿಗಿಂತ ನಮಸ್ಕಾರವೇ ದೊಡ್ಡದಾಗಿತ್ತು. ಕಾಫಿ ಒಣಗಿಸುವ ಕಣದಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ, "ಹೊಡೆಯೋದು ಆಮೇಲೆ ಮಾರಾಯ, ಮೊದ್ಲು ಎದುರಿಗಿರೋನಿಗೆ ತಲೆ ಬಗ್ಸು" ಎನ್ನುತ್ತಿದ್ದರು. ಬಸ್ಸಿನ ಕಂಡಕ್ಟರಿಗೂ, ದಾರಿಗಡ್ಡ ಮಲಗಿದ ಎಮ್ಮೆಗೂ ಸೊಂಟ ಬಗ್ಗಿಸಿಯೇ ಮುಂದೆ ಹೋಗುವ ಆಸಾಮಿ. ಹಾಗೆ ಕಲಿತ ಇಬ್ಬರು ಬೆಳೆದು ಮೂಡಿಗೆರೆಯ ಎರಡು ಎದುರಾಳಿ ಗ್ಯಾಂಗುಗಳಿಗೆ ಸೇರಿದರು. ಅಣ್ಣನ ಕೊಲೆಯ ಸೇಡು ತೀರಿಸಲು ಸಂತೆಗೆ ಬಂದ ಅವರಲ್ಲೊಬ್ಬ, ಲೋಹಿತ್, ಎದುರು ಗ್ಯಾಂಗಿನ ಹಳೆಯ ಜೊತೆಗಾರನನ್ನು ಕಂಡವನೇ ಅಭ್ಯಾಸದಂತೆ ಮೊದಲು ತಲೆ ಬಗ್ಗಿಸಿದ. ಬಗ್ಗಿದ ಕುತ್ತಿಗೆಗೆ ಬಿದ್ದದ್ದು ಮಾಸ್ಟರೇ ಕಲಿಸಿದ ಏಟು. ಅವನು ಮತ್ತೆ ಏಳಲಿಲ್ಲ. ಸಾವಿನ ಮನೆಗೆ ಹೋದ ಮಾಸ್ಟರು ಅವನ ತಾಯಿ ಗೌರಮ್ಮನೆದುರು ಸೊಂಟ ಬಗ್ಗಿಸಿದಾಗ, "ನಮ್ ಹುಡ್ಗನೂ ಹಿಂಗೇ ನಿಂತಿದ್ನಂತೆ, ಅಲ್ವಾ ಮಾಸ್ಟ್ರೆ?" ಎಂದರು ಆಕೆ. ಈಗ ದೇವರಮನೆ ಬೆಟ್ಟದ ಗುಡಿಯ ಭೈರವನೆದುರಿಗೂ ಮಾಸ್ಟರ ತಲೆ ಬಗ್ಗುವುದಿಲ್ಲ.